ಶಾಲೆ ಮುಗಿದ ಮೇಲೆ ಆಟಿಸಂ ಇರುವ ಯುವಕರಿಗೊಂದು ಗುಂಪು

ಆಟಿಸಂ ಇರುವ ಮಕ್ಕಳಿಗೆ ಥೆರಪಿ ಸಿಗುತ್ತದೆ, ವಿಶೇಷ ಶಾಲೆಗಳಿವೆ. ಹದಿನೆಂಟು ದಾಟಿದವರಿಗೆ ಹೆಚ್ಚಿನ ಊರುಗಳಲ್ಲಿ ಮನೆಯೇ ಗತಿ. ನಾಲ್ಕಾರು ಪೋಷಕರು ಮನಸ್ಸು ಮಾಡಿದರೆ ಗುಂಪೊಂದನ್ನು ಕಟ್ಟಬಹುದು.

ಮೊದಲು ಯುವಕರನ್ನೇ ಕೇಳಿ: ಬರಲು ಇಷ್ಟವಿದೆಯೇ, ಏನು ಕಲಿಯಬೇಕು? ಐದಾರು ಮಂದಿ ಸಾಕು. ವಾರದ ಅದೇ ದಿನ, ಅದೇ ಹೊತ್ತು, ಗದ್ದಲವಿಲ್ಲದ ಅದೇ ಕೋಣೆ. ಆ ದಿನದ ಕಾರ್ಯಕ್ರಮ ಬೋರ್ಡಿನ ಮೇಲಿರಲಿ. ಬದಲಾವಣೆಯಿದ್ದರೆ ಮುಂಚೆಯೇ ತಿಳಿಸಿ.

ಕಲಿಸುವುದೇನು? ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ 'ಪಿಯರ್ಸ್' ತರಬೇತಿ ಯುವಕರಿಗೆ 16 ವಾರ ನಡೆಯುತ್ತದೆ. ಮಾತಿಗೆ ಸೇರುವುದು, ಭಿನ್ನಾಭಿಪ್ರಾಯ ಬಂದಾಗ ನಿಭಾಯಿಸುವುದು ಮುಂತಾದವನ್ನು ಸಣ್ಣ ಹಂತಗಳಾಗಿ ಒಡೆದು ಅಭ್ಯಾಸ ಮಾಡಿಸುತ್ತಾರೆ. ಮನೆಯಲ್ಲಿ ಮುಂದುವರಿಸಲು ಪೋಷಕರೂ ಜೊತೆಗೆ ಕಲಿಯುತ್ತಾರೆ. ವಿಧಾನ ಅಲ್ಲಿಂದ ಬರಲಿ, ಪಾಠ ನಮ್ಮದಿರಲಿ. 'ಒಂದಿನ ಮನೆಗೆ ಬನ್ನಿ' ಎಂದ ಸಹೋದ್ಯೋಗಿಯ ಮನೆಗೆ ಭಾನುವಾರ ಬೆಳಿಗ್ಗೆಯೇ ಹೋಗಿ ನಿಲ್ಲುವಂತಿಲ್ಲ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ! ಅಂಥವನ್ನೇ ಇಬ್ಬಿಬ್ಬರಾಗಿ ಆಡಿ ತೋರಿಸಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೆಂದು ಮಾತ್ರ ಬಲವಂತ ಬೇಡ. ಅನೇಕರಿಗೆ ಅದು ಹಿಂಸೆ, ಕೆಲಸಕ್ಕೆ ಬೇಕಾದ ಗುಣವೂ ಅಲ್ಲ. 'ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ', 'ಐದು ನಿಮಿಷ ಹೊರಗಿದ್ದು ಬರುತ್ತೇನೆ' ಎನ್ನಲು ಬಂದರೆ ಹೆಚ್ಚು ಉಪಯೋಗ.

ಕೆಲಸದ ಪಾಠವನ್ನು ಕೋಣೆಯಲ್ಲೇ ಮುಗಿಸಬೇಡಿ. ಪರಿಚಯದ ಅಂಗಡಿ, ಗ್ರಂಥಾಲಯ, ಬೇಕರಿಗಳಲ್ಲಿ ದಿನಕ್ಕೆರಡು ಗಂಟೆ ಕೆಲಸ ಮಾಡಿ ನೋಡಲಿ. ಬಸ್ ಹಿಡಿಯುವುದೂ ಅದರಲ್ಲೇ ಸೇರಿದ ಪಾಠ. ಮಾಲೀಕರಿಗೂ ಸ್ವಲ್ಪ ತಯಾರಿ ಬೇಕು: ಸೂಚನೆ ಬರವಣಿಗೆಯಲ್ಲಿರಲಿ, ಕೆಲಸ ಹೇಳುವವರು ಒಬ್ಬರೇ ಇರಲಿ, ಸದ್ದು ತಡೆಯುವ ಹೆಡ್‌ಫೋನಿಗೆ ಅನುಮತಿ ಇರಲಿ. ಇಂಟರ್‌ವ್ಯೂ ಬದಲು ಕೆಲಸವನ್ನೇ ಮಾಡಿಸಿ ನೋಡಲು ಕೇಳಿಕೊಳ್ಳಿ. ಮಾತಿನಲ್ಲಿ ಸೋಲುವ ಹುಡುಗ ಕೈಕೆಲಸದಲ್ಲಿ ಗೆಲ್ಲಬಹುದು. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲೇ ಆಟಿಸಂ ಇರುವವರ ನೇಮಕಕ್ಕೆ ಪ್ರತ್ಯೇಕ ಕಾರ್ಯಕ್ರಮ ಘೋಷಿಸಿತು. ಬೆಂಗಳೂರಿನ ಅದರ ಕಚೇರಿಯಲ್ಲೂ ಅದು ನಡೆದಿದೆ.

ಕಾಗದಪತ್ರ ಬೇಸರದ ಕೆಲಸ, ಆದರೆ ಮುಂದೂಡಬೇಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯ ಪ್ರಮಾಣೀಕರಿಸಿದರೆ ಸರ್ಕಾರಿ ಉದ್ಯೋಗದ ಮೀಸಲಾತಿಗೆ ಅರ್ಹತೆ ಇದೆ. ಶೇ 4ರ ಆ ಮೀಸಲಾತಿಯಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆ ಮೊದಲಾದವು ಇರುವವರು ಹಂಚಿಕೊಳ್ಳಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ.

ಕೆಲಸ ಸಿಕ್ಕಿತೆಂದು ಗುಂಪು ಬಿಡಿಸಬೇಡಿ. ಹೊಸ ಮೇಲಧಿಕಾರಿ, ಬದಲಾದ ಪಾಳಿ, ಸಹೋದ್ಯೋಗಿಯ ಕುಚೋದ್ಯ ಎಲ್ಲ ಎದುರಾಗುವುದು ಆಮೇಲೆಯೇ. ಸಂಬಳ ಬಂದ ತಿಂಗಳು ಇನ್ನೊಂದು ಪಾಠ ಸೇರಿಸಿ: ಯುಪಿಐ ಪಿನ್ ಎಷ್ಟೇ ಆಪ್ತರು ಕೇಳಿದರೂ ಹೇಳಬಾರದು, ಸಾಲ ಕೇಳಿದವರಿಗೆ 'ಮನೆಯಲ್ಲಿ ಕೇಳಿ ಹೇಳ್ತೀನಿ' ಎನ್ನಬಹುದು.