ದೂರದ ಮಗನಿಗೊಂದು ಪಾರ್ಸಲ್



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಾರೆ. ಅವರ ಮಗ ಸೈನ್ಯದಲ್ಲಿದ್ದಾನೆ. ಒಂದು ದಿನ ಅವರು ಒಂದು ಡಬ್ಬ ಹಿಡಿದು ಬಂದರು. ಡಬ್ಬದ ಮೂಲೆ ಜಜ್ಜಿ ಹೋಗಿತ್ತು. ಬಟ್ಟೆ ಹರಿದಿತ್ತು. ಒಳಗಿಂದ ಮುಗ್ಗಲು ವಾಸನೆ ಬರುತ್ತಿತ್ತು.

"ಏನವ್ವ ಇದು?" ಎಂದು ಕೇಳಿದೆವು.

"ಮಗನಿಗೆ ಕಳಿಸಿದ್ದೆ ರೀ. ಎರಡು ತಿಂಗಳು ಊರೂರು ತಿರುಗಿ ನಮ್ಮ ಮನೀಗೇ ವಾಪಸ್ ಬಂತು. ವಿಳಾಸ ತಪ್ಪಂತ."

ವಿಳಾಸವನ್ನು ಬೇರೆ ಯಾರೋ ಬರೆದಿದ್ದರು. ಏನು ಬರೆದಿದ್ದಾರೆ ಎಂದು ಈ ತಾಯಿಗೆ ಓದಲು ಬರುತ್ತಿರಲಿಲ್ಲ. ಕೈ ನೋವಾಗುವ ಹಾಗೆ ಉಂಡಿ ಕಟ್ಟಿದ್ದರು. ಎಲ್ಲ ಹಾಳಾಗಿತ್ತು.

ಅವತ್ತು ನಾವು ಪುಸ್ತಕದ ಪಾಠ ಬಿಟ್ಟೆವು. ಪಾರ್ಸಲ್ ಪಾಠ ಹಿಡಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ದೂರ ಹೋದವರು

ನಮ್ಮ ನಾಡಿನಿಂದ ಸೈನ್ಯಕ್ಕೆ ಹೋಗುವುದು ಹೊಸದಲ್ಲ. ಕೊಡಗಿನಿಂದ ಹೋದರು. ಬೆಳಗಾವಿ ಸೀಮೆಯಿಂದ ಹೋದರು. ಮೊದಲನೇ ಮಹಾಯುದ್ಧ ನಡೆದದ್ದು 1914ರಿಂದ 1918ರವರೆಗೆ. ಆಗ ನಮ್ಮ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಕಡಲಾಚೆ ಹೋದರು. ಮೈಸೂರು ಸಂಸ್ಥಾನದ ಕುದುರೆ ಪಡೆಯೂ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಎಂಬ ಊರನ್ನು ಗೆಲ್ಲುವಾಗ ಈ ಪಡೆ ಅಲ್ಲಿತ್ತು.

ಆ ಸೈನಿಕರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಹೇಳುತ್ತಿದ್ದರು, ಬೇರೆಯವರು ಬರೆಯುತ್ತಿದ್ದರು. ಆ ಪತ್ರಗಳನ್ನು ಸೈನ್ಯದ ಅಧಿಕಾರಿಗಳು ತೆರೆದು ಓದುತ್ತಿದ್ದರು. ಊರಿಗೆ ಬಂದ ಮೇಲೆ ಅಕ್ಷರ ಬಲ್ಲ ಇನ್ನೊಬ್ಬರು ಓದಿ ಹೇಳಬೇಕು. ತಾಯಿ ಮಗನ ನಡುವೆ ಎಷ್ಟು ಜನ ನೋಡಿ!

ಸ್ವಾತಂತ್ರ್ಯ ಬಂದ ಮೇಲೂ ನಮ್ಮವರು ಹೊರದೇಶಕ್ಕೆ ಹೋದರು. ಈ ಸಲ ಗೆಲ್ಲಲು ಅಲ್ಲ, ಜಗಳ ನಿಲ್ಲಿಸಲು. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋದರು. ಯುದ್ಧ ಕೈದಿಗಳನ್ನು ನೋಡಿಕೊಳ್ಳುವ ಆಯೋಗಕ್ಕೆ ಅವರು ಅಧ್ಯಕ್ಷರು. ಮುಂದೆ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿ ಪಡೆಯ ಮುಖ್ಯಸ್ಥರಾದರು. 1965ರಲ್ಲಿ ಅಲ್ಲೇ ತೀರಿಕೊಂಡರು. ಕಾಂಗೋ, ಲೆಬನಾನ್, ದಕ್ಷಿಣ ಸುಡಾನ್‌ಗಳಲ್ಲೂ ನಮ್ಮ ಸೈನಿಕರು ಕೆಲಸ ಮಾಡಿದ್ದಾರೆ.

ಗಂಡಸರು ಮಾತ್ರವಲ್ಲ. 2007ರಲ್ಲಿ ನಮ್ಮ ದೇಶದ ಮಹಿಳಾ ಪೊಲೀಸ್ ತುಕಡಿ ಲೈಬೀರಿಯಾ ದೇಶಕ್ಕೆ ಹೋಯಿತು. ವಿಶ್ವಸಂಸ್ಥೆಯ ಶಾಂತಿ ಕೆಲಸಕ್ಕೆ ಬರೀ ಹೆಂಗಸರ ಪೊಲೀಸ್ ತುಕಡಿ ಹೋದದ್ದು ಅದೇ ಮೊದಲು. 2021ರಲ್ಲಿ ಸೇನಾ ಪೊಲೀಸ್ ದಳದ ಮೊದಲ ಮಹಿಳಾ ಸಿಪಾಯಿಗಳು ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಆದ್ದರಿಂದ ಪಾರ್ಸಲ್ ಮಗನಿಗೇ ಇರಬೇಕಿಲ್ಲ. ಮಗಳಿಗೂ ಇರಬಹುದು.

ಏನು ಕಳಿಸಬೇಕು?

ಪಾರ್ಸಲ್ ನಾಳೆಯೇ ಮುಟ್ಟುವುದಿಲ್ಲ. ಎರಡು ವಾರ, ಮೂರು ವಾರವೂ ಆಗಬಹುದು. ಚಳಿಗಾಲದಲ್ಲಿ ಬೆಟ್ಟದ ದಾರಿಗೆ ಹಿಮ ಬಿದ್ದರೆ ಇನ್ನೂ ತಡ. ಹಾಗಾಗಿ ತಿಂಗಳಾದರೂ ಕೆಡದ ಪದಾರ್ಥ ಬೇಕು.

ಪದಾರ್ಥ ಕೆಡುವುದು ನೀರಿನ ಅಂಶದಿಂದ. ಒಣಗಿದ್ದು ಉಳಿಯುತ್ತದೆ. ಹಸಿ ಇದ್ದದ್ದು ಬೂಸು ಹಿಡಿಯುತ್ತದೆ.

ಕಳಿಸಬಹುದು: ಚಕ್ಕುಲಿ, ಕೋಡುಬಳೆ, ಬೆಲ್ಲದ ಶೇಂಗಾ ಉಂಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ, ಹುರಿಗಡಲೆ. ಉಣ್ಣೆಯ ಕಾಲುಚೀಲ, ಕೈಚೀಲ, ಟೋಪಿ.

ಕಳಿಸಬಾರದು: ಹೋಳಿಗೆ, ಹಾಲಿನ ಪೇಡ, ಹಸಿ ಕಾಯಿ ಹಾಕಿದ ಸಿಹಿ. ಎಣ್ಣೆ ತುಂಬಿದ ಉಪ್ಪಿನಕಾಯಿಯೂ ಬೇಡ. ಅದು ಸೋರಿದರೆ ಬೇರೆಯವರ ಪತ್ರಗಳೂ ಹಾಳು.

ಬೆಂಕಿ ಹತ್ತುವ ಯಾವುದನ್ನೂ ಹಾಕಬೇಡಿ. ಬೆಂಕಿಪೊಟ್ಟಣ, ಲೈಟರ್, ಅತ್ತರು, ಪಟಾಕಿ ಬೇಡವೇ ಬೇಡ. ಒಣ ಕೊಬ್ಬರಿ ಗಿಟುಕೂ ಬೇಡ. ಕೊಬ್ಬರಿಯಲ್ಲಿ ಏನಿದೆ ಅಂತೀರಾ? ಅದರಲ್ಲಿ ಎಣ್ಣೆ ಬಹಳ. ಬಿಸಿ ಏರಿದರೆ ತಾನಾಗಿ ಬೆಂಕಿ ಹತ್ತಬಹುದು. ಅದಕ್ಕೇ ವಿಮಾನದಲ್ಲಿ ಅದನ್ನು ಬಿಡುವುದಿಲ್ಲ.

ಮಗ ಹೊರದೇಶದಲ್ಲಿದ್ದರೆ ಮೊದಲು ಅವನನ್ನೇ ಕೇಳಿ. ಪ್ರತಿ ದೇಶಕ್ಕೂ ತನ್ನ ಕಾಯಿದೆ ಇರುತ್ತದೆ. ನಾವು ಪಾಯಸಕ್ಕೆ ಹಾಕುವ ಗಸಗಸೆಯನ್ನೂ ಕೆಲವು ದೇಶಗಳು ಒಳಗೆ ಬಿಡುವುದಿಲ್ಲ.

ಹೇಗೆ ಕಟ್ಟಬೇಕು?

1. ಕರಿದದ್ದು, ಹುರಿದದ್ದು ಪೂರ್ತಿ ಆರಲಿ. ಬಿಸಿಯಾಗಿ ಮುಚ್ಚಿದರೆ ಹಬೆ ನೀರಾಗುತ್ತದೆ. ನೀರಾದರೆ ಬೂಸು.

2. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಚಟ್ನಿಪುಡಿಗೆ ಎರಡು ಚೀಲ ಇರಲಿ. ಇಲ್ಲದಿದ್ದರೆ ಕಾಲುಚೀಲಕ್ಕೂ ಬೆಳ್ಳುಳ್ಳಿ ವಾಸನೆ!

3. ಚಕ್ಕುಲಿಯನ್ನು ಗಟ್ಟಿ ಡಬ್ಬದಲ್ಲಿ ಇಡಿ. ನಡುವೆ ಕಾಗದ ತುರುಕಿ.

4. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಸಂದಿಯಲ್ಲಿ ಉಣ್ಣೆಯ ಬಟ್ಟೆ ತುಂಬಿ. ಬಟ್ಟೆಯೂ ಹೋಯಿತು, ತಿಂಡಿಯೂ ಉಳಿಯಿತು.

5. ಪೆಟ್ಟಿಗೆ ಎತ್ತಿ ಅಲ್ಲಾಡಿಸಿ. ಒಳಗೆ ಗಡಗಡ ಅಂದರೆ ಇನ್ನೂ ಜಾಗ ಉಳಿದಿದೆ ಎಂದು ಅರ್ಥ. ಮತ್ತೆ ಕಾಗದ ತುಂಬಿ.

6. ಒಳಗಡೆ ಒಂದು ಚೀಟಿ ಹಾಕಿ. ಅದರಲ್ಲಿ ಮಗನ ವಿಳಾಸ, ನಿಮ್ಮ ವಿಳಾಸ ಎರಡೂ ಇರಲಿ. ಹೊರಗಿನ ಬರಹ ಅಳಿಸಿದರೂ ಒಳಗಿನದು ಉಳಿಯುತ್ತದೆ.

7. ಅಗಲ ಟೇಪು ಸುತ್ತಿ. ಬೇಕಾದರೆ ಮೇಲೆ ಬಿಳಿ ಬಟ್ಟೆ ಹಾಕಿ ಹೊಲಿಯಿರಿ. ಹೊಲಿಗೆ ನಮಗೆ ಯಾರೂ ಕಲಿಸಬೇಕಿಲ್ಲ, ಅಲ್ಲವೇ?

ಒಳಗೆ ಹಾಕಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಡಿ. ಅಂಚೆ ಕಚೇರಿಯಲ್ಲಿ "ಒಳಗೆ ಏನಿದೆ?" ಎಂದು ಕೇಳುತ್ತಾರೆ. ಆಗ ತಡವರಿಸಬೇಕಿಲ್ಲ.

ವಿಳಾಸ: ಇಲ್ಲಿ ತಪ್ಪಬಾರದು

ವಾಪಸ್ ಬಂದ ಪಾರ್ಸಲ್ ಮೇಲೆ ಏನಿತ್ತು ಗೊತ್ತೇ? ಮಗನ ಹೆಸರಿತ್ತು. ಕೆಳಗೆ "ಲಡಾಖ್" ಎಂದಿತ್ತು. ಅಷ್ಟೇ. ಪಡೆಯ ಹೆಸರಿಲ್ಲ, ಸಂಖ್ಯೆ ಇಲ್ಲ.

ಸೈನಿಕನ ವಿಳಾಸದಲ್ಲಿ ಊರಿನ ಹೆಸರು ಬರೆಯುವುದಿಲ್ಲ. ಯಾಕೆ? ಒಂದು, ಪಡೆ ಎಲ್ಲಿದೆ ಎಂಬುದು ಗುಟ್ಟು. ಎರಡು, ಪಡೆ ಜಾಗ ಬದಲಿಸುತ್ತಾ ಇರುತ್ತದೆ. ಸೈನ್ಯಕ್ಕೆ ತನ್ನದೇ ಅಂಚೆ ವ್ಯವಸ್ಥೆ ಇದೆ. ಪಡೆ ಇವತ್ತು ಎಲ್ಲಿದೆ ಎಂದು ಅವರಿಗೆ ಗೊತ್ತು. ಅವರೇ ಅಲ್ಲಿಗೆ ಮುಟ್ಟಿಸುತ್ತಾರೆ.

ವಿಳಾಸದಲ್ಲಿ ಇವು ಇರಬೇಕು:

ಸೇನಾ ಸಂಖ್ಯೆ: ____________
ಹುದ್ದೆ ಮತ್ತು ಹೆಸರು: ____________
ಕಂಪನಿ, ಪಡೆಯ ಹೆಸರು: ____________
ಪಿನ್ ಕೋಡ್: ____________
ಕೇರಾಫ್ 56 ಎ.ಪಿ.ಒ. ಅಥವಾ ಕೇರಾಫ್ 99 ಎ.ಪಿ.ಒ.

ಎ.ಪಿ.ಒ. ಎಂದರೆ ಸೈನ್ಯದ ಅಂಚೆ ಕಚೇರಿ. 56 ಬರೆಯಬೇಕೋ 99 ಬರೆಯಬೇಕೋ ಎಂದು ಮಗನೇ ಹೇಳಬೇಕು. ನಾವು ಊಹಿಸಬಾರದು.

ಪಿನ್ ಕೋಡ್ ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಶುರುವಾಯಿತು. ಅದರಲ್ಲಿ 6 ಅಂಕಿ. ಕರ್ನಾಟಕದ ಊರುಗಳ ಪಿನ್ 5ರಿಂದ ಶುರುವಾಗುತ್ತದೆ. ಸೈನ್ಯದ ಪಿನ್ 9ರಿಂದ ಶುರುವಾಗುತ್ತದೆ. ಬರೆದಾದ ಮೇಲೆ ಮೊದಲ ಅಂಕಿ ನೋಡಿ. 9 ಇದೆಯೇ? ಸರಿ.

ಈ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯುವುದು ಒಳ್ಳೆಯದು. ದೂರದಲ್ಲಿ ವಿಂಗಡಿಸುವವರಿಗೆ ಕನ್ನಡ ಬರದೆ ಇರಬಹುದು. "ಅಯ್ಯೋ, ನಮಗೆ ಈಗಷ್ಟೇ ಕನ್ನಡ ಬಂದಿದೆ" ಅಂತೀರಾ? ಹೆದರಬೇಡಿ. ರಂಗೋಲಿ ಹೇಗೆ ಕಲಿತಿರಿ? ಪಕ್ಕದ ಮನೆಯ ಅಂಗಳ ನೋಡಿ ಚುಕ್ಕಿ ಎಣಿಸಿ ಹಾಕಿದಿರಿ. ಇದೂ ಹಾಗೇ. ಮಗ ಬರೆದು ಕೊಟ್ಟ ಚೀಟಿ ಮುಂದಿಟ್ಟುಕೊಳ್ಳಿ. ಒಂದೊಂದೇ ಅಕ್ಷರ ನೋಡಿ, ದೊಡ್ಡದಾಗಿ ಇಳಿಸಿ. ಬರೆದ ಮೇಲೆ ಎಣಿಸಿ. ಚೀಟಿಯಲ್ಲಿ ಎಷ್ಟಿವೆಯೋ ಪೆಟ್ಟಿಗೆಯ ಮೇಲೂ ಅಷ್ಟೇ ಇರಬೇಕು.

ಆ ಚೀಟಿ ಜೋಪಾನ. ಪಡೆಯ ಸಂಖ್ಯೆ, ಹೆಸರು ಯಾರು ಕೇಳಿದರೂ ಕೊಡಬೇಡಿ.

ಅಂಚೆ ಕಚೇರಿಯಲ್ಲಿ

ಎ.ಪಿ.ಒ. ವಿಳಾಸಕ್ಕೆ ಅಂಚೆ ಇಲಾಖೆಯ ಮೂಲಕವೇ ಕಳಿಸಬೇಕು. ಖಾಸಗಿ ಕೊರಿಯರ್‌ನವರು ಅಲ್ಲಿಗೆ ಮುಟ್ಟಿಸಲಾರರು. ಪೆಟ್ಟಿಗೆ ತೂಗಿ ಹಣ ಹೇಳುತ್ತಾರೆ. ತೂಕದ ಅಂಕಿ ನೀವೇ ಓದಿ. ಸ್ಪೀಡ್ ಪೋಸ್ಟ್ ಮಾಡಿದರೆ ರಸೀದಿ ಕೊಡುತ್ತಾರೆ. ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಎರಡು ಇಂಗ್ಲಿಷ್ ಅಕ್ಷರ, 9 ಅಂಕಿ, ಮತ್ತೆ ಎರಡು ಅಕ್ಷರ. ಒಟ್ಟು 13. ಪಾರ್ಸಲ್ ಎಲ್ಲಿದೆ ಎಂದು ಕೇಳಲು ಈ ಸಂಖ್ಯೆ ಬೇಕು. ಪಾರ್ಸಲ್ ಮುಟ್ಟುವವರೆಗೆ ರಸೀದಿ ಇಟ್ಟುಕೊಳ್ಳಿ.

ನಾಲ್ಕು ಸಾಲು

ನಮ್ಮ ಕೇಂದ್ರದ ಆ ತಾಯಿ ಮತ್ತೆ ಉಂಡಿ ಕಟ್ಟಿದರು. ಚಕ್ಕುಲಿ ಕರಿದರು. ಪೆಟ್ಟಿಗೆ ಕಟ್ಟುವ ಮೊದಲು ನಾವು ಕೇಳಿದೆವು, "ಒಂದು ಪತ್ರ ಹಾಕೋಣವೇ? ನೀವು ಹೇಳಿ, ನಾವು ಬರೀತೇವೆ."

ಅವರು ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ. ನಾನೇ ಬರೀತೀನಿ. ಇಷ್ಟು ವರ್ಷ ಬೇರೆಯವರ ಕೈಯಾಗ ಬರಿಸಿದೆ. ಅವರ ಮುಂದ ಎಲ್ಲಾ ಹೇಳಾಕ ಆಗತಿರಲಿಲ್ಲ. ನಾವು ಆರಾಮ, ನೀನೂ ಆರಾಮ ಇರು, ಅಷ್ಟೇ ಹೇಳತಿದ್ದೆ."

"ಫೋನ್ ಇದೆಯಲ್ಲ?" ಎಂದೆವು.

"ಅವನಿಗೆ ಸಿಗ್ನಲ್ ಸಿಗಬೇಕಲ್ರಿ. ಸಿಕ್ಕರೂ ಎರಡು ನಿಮಿಷ. ಫೋನಿನ ಮಾತು ಹಾರಿ ಹೋಗತೈತಿ. ಕಾಗದ ಆದ್ರ ಕಿಸೆಯಾಗ ಇಟ್ಕೋಬಹುದು."

ಮೂಲೆಗೆ ಕೂತು ಬರೆದರು. ಅರ್ಧ ಗಂಟೆ ಹಿಡಿಯಿತು. ನಾಲ್ಕು ಸಾಲು. ನಡುವೆ ಒಮ್ಮೆ ಎದ್ದು ಬಂದು, "ಒತ್ತಕ್ಷರ ಹೇಗೆ ಬರೀಬೇಕ್ರಿ?" ಎಂದು ಕೇಳಿದರು. ತೋರಿಸಿದೆವು. ಪತ್ರ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟರು. ಏನು ಬರೆದರು ಎಂದು ನಾವು ಕೇಳಲಿಲ್ಲ. ಅದು ತಾಯಿ ಮಗನ ಮಾತು.

ಹತ್ತೊಂಬತ್ತನೆಯ ದಿನ ಮಗನ ಫೋನ್ ಬಂತು.

"ಅವ್ವಾ, ಚಕ್ಕುಲಿ ಅರ್ಧ ಪುಡಿ ಆಗ್ಯಾವು. ನಾವೆಲ್ಲಾ ಚಮಚದಾಗ ತಿಂದ್ವಿ" ಎಂದನಂತೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಕೊನೆಗೆ ಕೇಳಿದನಂತೆ, "ಅವ್ವಾ, ಪತ್ರ ಯಾರು ಬರೆದದ್ದು?"

"ನಾನೇ" ಎಂದರಂತೆ.

ಮುಂದಿನ ಸಲ ಚಕ್ಕುಲಿ ಡಬ್ಬಕ್ಕೆ ಇನ್ನಷ್ಟು ಕಾಗದ ತುರುಕಬೇಕು. ಅದನ್ನು ಅವರೇ ತಮ್ಮ ವಹಿಯಲ್ಲಿ ಬರೆದುಕೊಂಡಿದ್ದಾರೆ.

ಅಭ್ಯಾಸ

ಉತ್ತರ ಹೇಳಿ:
1. ಬಿಸಿ ತಿಂಡಿಯನ್ನು ಯಾಕೆ ಮುಚ್ಚಿಡಬಾರದು?
2. ಸೈನಿಕನ ವಿಳಾಸದಲ್ಲಿ ಊರಿನ ಹೆಸರು ಯಾಕೆ ಇಲ್ಲ?
3. ಪತ್ರವನ್ನು ಆ ತಾಯಿ ತಾನೇ ಯಾಕೆ ಬರೆದರು?

ಬಿಟ್ಟ ಜಾಗ ತುಂಬಿರಿ:
1. ಪಿನ್ ಕೋಡ್‌ನಲ್ಲಿ ____ ಅಂಕಿ ಇರುತ್ತವೆ.
2. ಸೈನ್ಯದ ಪಿನ್ ಕೋಡ್ ____ ರಿಂದ ಶುರುವಾಗುತ್ತದೆ.

ಓದಿ, ಬರೆಯಿರಿ:
ಪಾರ್ಸಲ್, ವಿಳಾಸ, ರಸೀದಿ, ಚಟ್ನಿಪುಡಿ, ಚಕ್ಕುಲಿ, ಉಣ್ಣೆ

ನೀವೇ ಮಾಡಿ:
ದೂರದಲ್ಲಿರುವ ನಿಮ್ಮವರು ಯಾರು? ಅವರಿಗೆ ನಾಲ್ಕು ಸಾಲು ಬರೆಯಿರಿ. ನಮಗೆ ತೋರಿಸಲೇಬೇಕೆಂದಿಲ್ಲ.