ಹಳೆಯ ಪೈಪಿನಲ್ಲಿ ಹೊಸ ಫೈಬರ್

ಅಪಾರ್ಟ್‌ಮೆಂಟಿನ ನೆಲದಡಿಯ ಪೈಪಿನಲ್ಲಿ ಈಗಾಗಲೇ ಫೈಬರ್ ಕೇಬಲ್ ಇದ್ದು, ಇನ್ನೊಂದನ್ನು ಎಳೆಸಬೇಕಾಗಿದೆಯೇ? ಅಂಗಳ ಅಗೆಯುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ಪೈಪಿನ ಬಾಯಲ್ಲಿ ಜಾಗ ಕಂಡಿತೆಂದು ಕೆಲಸ ಶುರು ಮಾಡಿಸಬೇಡಿ. ಹಳತು ಹೊಸತೆಲ್ಲ ಸೇರಿ ಪೈಪಿನ ಒಳಜಾಗದ ಶೇ. 40ನ್ನು ಮೀರಬಾರದೆಂಬುದು ರೂಢಿಯ ಲೆಕ್ಕ. ಒಳವ್ಯಾಸ 20 ಮಿ.ಮೀ. ಇದ್ದರೆ 6 ಮಿ.ಮೀ. ದಪ್ಪದ ಕೇಬಲ್ ನಾಲ್ಕೇ.

ನನ್ನ ಹೆಚ್ಚಿನ ಕಾಳಜಿ ಹಳೆಯ ಕೇಬಲ್ಲಿನ ಬಗ್ಗೆ. ಪಕ್ಕದ ಮನೆಯ ಮಗುವಿನ ಪಾಠ, ಯಾರದೋ ಕಚೇರಿ ಕೆಲಸ ಅದನ್ನೇ ನಂಬಿಕೊಂಡಿರುತ್ತದೆ. ಹೊಸತನ್ನು ಎಳೆಯುವ ತೆಳ್ಳನೆಯ ನೈಲಾನ್ ಹಗ್ಗ ಬಿಗಿಯಾಗಿ ಓಡಿದರೆ ತಿರುವಿನಲ್ಲಿ ಗರಗಸದಂತೆ ಅದರ ಹೊದಿಕೆಯನ್ನು ಕೊಯ್ಯುತ್ತದೆ. ಚಪ್ಪಟೆ ಪಾಲಿಯೆಸ್ಟರ್ ಪಟ್ಟಿಯಿಂದ ಎಳೆಯಲು ಹೇಳಿ. ಕೇಬಲ್ಲಿಗೆಂದೇ ಸಿಗುವ ಲೂಬ್ರಿಕೆಂಟ್ ಹಚ್ಚಿಸಿ. ಗ್ರೀಸ್, ಎಣ್ಣೆ ಬೇಡವೇ ಬೇಡ, ಹೊದಿಕೆ ಹಾಳಾಗುತ್ತದೆ.

ಪಟ್ಟಿಯನ್ನು ಕಟ್ಟಬೇಕಾದ್ದು ಕೇಬಲ್ಲಿನೊಳಗಿನ ಹಳದಿ ಅರಾಮಿಡ್ ನೂಲಿಗೆ. ಬರೀ ಹೊರಸಿಪ್ಪೆಗೆ ಕಟ್ಟಿದರೆ ಅದು ಹಿಗ್ಗಿ, ಭಾರವೆಲ್ಲ ಗಾಜಿನೆಳೆಯ ಮೇಲೆ ಬೀಳುತ್ತದೆ. ಎಳೆಯುವಾಗ ತಿರುವಿನ ತ್ರಿಜ್ಯ ಕೇಬಲ್ ದಪ್ಪದ 20 ಪಟ್ಟಾದರೂ ಇರಲಿ, 6 ಮಿ.ಮೀ. ಕೇಬಲ್ಲಿಗೆ 12 ಸೆಂ.ಮೀ. ನಡುವೆ ಬಿಗಿಯಾಯಿತೆಂದರೆ ನಿಲ್ಲಿಸಿ. ಜಗ್ಗಿ ಗೆಲ್ಲುವ ಕೆಲಸವಲ್ಲ ಇದು. ವಿದ್ಯುತ್ ತಂತಿಯ ಪೈಪಿನೊಳಗಂತೂ ತೂರಿಸಬೇಡಿ. ಮಕ್ಕಳಿಗೂ ಹೇಳಿ: ಬಿಚ್ಚಿದ ಫೈಬರ್ ತುದಿಗೆ ಕಣ್ಣಿಡಬಾರದು, ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ.

ಹೊಸ ಕೇಬಲ್ಲಿನ ಜೊತೆಗೇ ಮುಂದಿನವರಿಗಾಗಿ ಇನ್ನೊಂದು ಎಳೆಪಟ್ಟಿಯನ್ನು ಪೈಪಿನಲ್ಲಿ ಬಿಡಿಸಿ. ಹಳೆಯ ಕೇಬಲ್‌ಗಳಲ್ಲಿ ಬೆಳಕು ಮೊದಲಿನಷ್ಟೇ ಬರುತ್ತಿದೆಯೇ ಎಂದು ಮೀಟರಿನಲ್ಲಿ ಅಳೆಸಿ, ಆಮೇಲೆ ಹಣ ಕೊಡಿ.