ಹೊಲ, ಪ್ಲಾಟು ಮತ್ತು ಬಂಡವಾಳ ಲಾಭ

ಪೆದ್ದೆಮುಲ್‌ನ ಹೊಲದಲ್ಲಿ ಬೆಳೆದ ತೊಗರಿಯನ್ನು ಮಾರಿದರೆ ಬರುವುದು ಬೆಳೆಯ ಹಣ. ಭೂಮಿಯನ್ನೇ ಮಾರಿದರೆ ಬರುವ ಹಣದ ಲೆಕ್ಕ ಬೇರೆ. ಆಸ್ತಿಯನ್ನು ಕೊಂಡ ಬೆಲೆಗಿಂತ ಮಾರಿದ ಬೆಲೆ ಎಷ್ಟು ಹೆಚ್ಚೋ ಅದಕ್ಕೆ ಆದಾಯ ತೆರಿಗೆಯಲ್ಲಿ 'ಬಂಡವಾಳ ಲಾಭ' ಎಂದು ಹೆಸರು. ನಾವು ಗಣಿತದಲ್ಲಿ ಕಲಿಯುವ ಲಾಭ-ನಷ್ಟದ ಲೆಕ್ಕವೇ ಇದಾದರೂ ಇದರಲ್ಲಿ ಕೆಲವು ತೊಡಕುಗಳಿವೆ.

ಹಳ್ಳಿಯ ವ್ಯವಸಾಯದ ಭೂಮಿಯನ್ನು ಕಾನೂನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ. ಆದುದರಿಂದ ಅದನ್ನು ಮಾರಿದ ಲಾಭಕ್ಕೆ ಈ ತೆರಿಗೆಯಿಲ್ಲ. ಹಳ್ಳಿಯೆಂದರೆ ಯಾವುದು? ತಾಂಡೂರಿನಂತೆ 10,000ಕ್ಕೆ ಮೇಲ್ಪಟ್ಟು 1 ಲಕ್ಷದೊಳಗೆ ಜನಸಂಖ್ಯೆಯುಳ್ಳ ಪುರಸಭೆಯಾದರೆ, ಅದರ ಗಡಿಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರಿನಾಚೆಗೆ ಇರುವುದು. ಹೀಗಾಗಿ ಪೆದ್ದೆಮುಲ್‌ನ ತೊಗರಿ ಹೊಲಕ್ಕೆ ತೆರಿಗೆಯಿಲ್ಲ, ತಾಂಡೂರು ಪೇಟೆಯ ಪ್ಲಾಟಿಗೆ ಉಂಟು. ಉಳುಮೆ ನಿಲ್ಲಿಸಿ, ಪರಿವರ್ತನೆ ಮಾಡಿಸಿ ಪ್ಲಾಟುಗಳಾಗಿ ಮಾರಿದರೆ ಹಳ್ಳಿಯ ಹೊಲಕ್ಕೂ ಆ ರಿಯಾಯಿತಿ ಉಳಿಯದು.

ಪ್ಲಾಟನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ತೆರಿಗೆ ಲಾಭದ ಶೇ. 12.5. 2024ರ ಜುಲೈ 23ಕ್ಕೆ ಮೊದಲು ಕೊಂಡದ್ದಾದರೆ, ಬೆಲೆಯೇರಿಕೆಯನ್ನು ಮೂಲಬೆಲೆಗೆ ಸೇರಿಸಿ ಶೇ. 20ರಂತೆ ಲೆಕ್ಕ ಹಾಕುವ ದಾರಿಯೂ ಇದೆ. ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು.

ಮುಖ್ಯವಾದ ಮಾತು ಕ್ರಯಪತ್ರದ್ದು. ರಿಜಿಸ್ಟ್ರಿ ಖರ್ಚು ಉಳಿಸಲೆಂದು ಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ರೂಢಿ ಎಷ್ಟೋ ಕಡೆ ಇದೆ. ಅದು ಕಾನೂನಿಗೆ ವಿರುದ್ಧವೆಂಬುದು ಹಾಗಿರಲಿ, ಜಾಣತನವೆಂದೂ ನಮಗೆ ತೋರುವುದಿಲ್ಲ. ಒಬ್ಬರು 2010ರಲ್ಲಿ 2 ಲಕ್ಷಕ್ಕೆ ಪ್ಲಾಟು ಕೊಂಡು 1 ಲಕ್ಷವೆಂದು ಬರೆಸಿದರೆನ್ನೋಣ. 2025ರಲ್ಲಿ ಅದನ್ನು 10 ಲಕ್ಷಕ್ಕೆ ಮಾರಿದರು. ನಿಜವಾದ ಲಾಭ 8 ಲಕ್ಷ, ಶೇ. 12.5ರಂತೆ ತೆರಿಗೆ 1,00,000 ರೂಪಾಯಿ. ಕಾಗದದ ಲಾಭವಾದರೋ 9 ಲಕ್ಷ, ತೆರಿಗೆ 1,12,500. ಕೈಗೆ ಬಾರದ ಲಾಭಕ್ಕೆ 12,500 ರೂಪಾಯಿ ಕಟ್ಟಬೇಕಾಯಿತು! (ಸೆಸ್ ಮುಂತಾದವನ್ನು ಇಲ್ಲಿ ಬಿಟ್ಟಿದ್ದೇವೆ.)

ಈ ಹೊರೆ ಮಕ್ಕಳ ಮೇಲೂ ಬೀಳುತ್ತದೆ. ತಂದೆಯಿಂದ ಆಸ್ತಿ ಬಂದಾಗ ಈ ತೆರಿಗೆಯಿಲ್ಲ. ಆದರೆ ಮಕ್ಕಳು ಮುಂದೆ ಮಾರುವಾಗ ತಂದೆ ಕೊಂಡ ಬೆಲೆಯೇ ಮೂಲಬೆಲೆ. ಅದಕ್ಕೆ ಸಾಕ್ಷಿ ಆ ಹಳೆಯ ಕ್ರಯಪತ್ರ. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡ ಆಸ್ತಿಯಾದರೆ ಮಾತ್ರ ಆ ದಿನದ ಪೇಟೆ ಬೆಲೆಯನ್ನು ಹಿಡಿಯಲು ಅವಕಾಶವಿದೆ.

ಪ್ಲಾಟು ಮಾರಿದ ಹಣದಿಂದ 2 ವರ್ಷದೊಳಗೆ ಮನೆ ಕೊಂಡರೆ, ಇಲ್ಲವೆ 3 ವರ್ಷದೊಳಗೆ ಕಟ್ಟಿಸಿದರೆ ರಿಯಾಯಿತಿ ದೊರೆಯುತ್ತದೆ. ಲಾಭದ ಭಾಗವನ್ನಷ್ಟೇ ಹಾಕಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಪೂರ್ತಿ ರಿಯಾಯಿತಿ ಬೇಕಾದರೆ ಮಾರಾಟದಿಂದ ಕೈಗೆ ಬಂದ ಇಡೀ ಹಣವನ್ನು ಮನೆಗೆ ಹಾಕಬೇಕು. ಪ್ಲಾಟಿಗೆ ಕಟ್ಟಿಸಿದ ಕಂಪೌಂಡು ಗೋಡೆಯ ಖರ್ಚನ್ನೂ ಮೂಲಬೆಲೆಗೆ ಸೇರಿಸಬಹುದು, ರಸೀದಿಗಳನ್ನು ಜೋಪಾನವಾಗಿ ಇಟ್ಟಿದ್ದರೆ.